ದನಿ ಕೂತ ಕಲ್ಲು

ಆ ಕಲ್ಲು ಒಡೆದ ಸದ್ದು ನನಗೆ ನೆನಪಿಲ್ಲ. ಬಂದೂಕು ಹಾರಿಸಿದಂತೆ ಕೇಳಿಸಿತೆಂದು ಅಲ್ಲಿದ್ದವರೆಲ್ಲ ಹೇಳಿದರು. ಊರಾಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೂ ತಲೆ ಎತ್ತಿ ನೋಡಿದರಂತೆ. ನಾನು ನಾಲ್ಕು ಮೊಳ ದೂರದಲ್ಲಿ ನಿಂತಿದ್ದೆ. ನನ್ನ ಪಾಲಿಗೆ ಆ ಸದ್ದೇ ಇಲ್ಲ. ಇರುವುದು ಅದರ ಹಿಂದಿನ ಗಳಿಗೆ ಮತ್ತು ಮುಂದಿನ ಗಳಿಗೆ. ಹಿಂದಿನದರಲ್ಲಿ ಅಣ್ಣ ಉಳಿಯ ಮೊನೆಯನ್ನು ತಿರುಗುವ ಕಲ್ಲಿನ ಹತ್ತಿರ ಒಯ್ಯುತ್ತಿದ್ದಾನೆ. ಮುಂದಿನದರಲ್ಲಿ ಗಿರಣಿಯ ಪಟ್ಟಾ ಕೆಳಗೆ ಬಿದ್ದು ಪಟಪಟ ಬಡಿದುಕೊಳ್ಳುತ್ತಿದೆ, ಗಾಳಿಯಲ್ಲಿ ಜೋಳದ ಹಿಟ್ಟು ತೇಲುತ್ತಿದೆ, ಅಣ್ಣ ನೆಲದ ಮೇಲೆ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೇರೆ ಯಾರದೋ ವಸ್ತುವೊಂದು ತನ್ನ ತೊಡೆಯ ಮೇಲೆ ಬಂದು ಬಿದ್ದಿದೆ ಎಂಬಂತೆ ನೋಡುತ್ತಿದ್ದಾನೆ. ಇವೆರಡರ ನಡುವೆ ಏನಾಯಿತೆಂದು ನಲವತ್ತು ವರ್ಷಗಳಿಂದ ಜೋಡಿಸುತ್ತಲೇ ಇದ್ದೇನೆ.

ನಮ್ಮದು ಬಬಲೇಶ್ವರದಲ್ಲಿ ಬಡಿಗತನದ ಮನೆ. ಅಣ್ಣ ನನಗಿಂತ ಹದಿನಾರು ವರ್ಷಕ್ಕೆ ದೊಡ್ಡವನು. ಅಪ್ಪ ತೀರಿಕೊಂಡಾಗ ನನಗೆ ಅಪ್ಪನ ಮುಖ ಗುರುತಿಡುವ ವಯಸ್ಸೂ ಆಗಿರಲಿಲ್ಲ. ಆಮೇಲೆ ಅಣ್ಣನೇ ಅಪ್ಪ. ಮನೆಯ ಮುಂದಿನ ಛಪ್ಪರದಲ್ಲಿ ಕೂತು ಅವನು ಚಕ್ಕಡಿಯ ಗಾಲಿ, ರಂಟೆ, ಕೂರಿಗೆ, ಬಾಗಿಲ ಚೌಕಟ್ಟು ಮಾಡುತ್ತಿದ್ದ. ಅವನ ಬಾಚಿಯ ಏಟುಗಳ ಮೇಲೆ ನಾನು ಸಾಲಿ ಕಲಿತೆ, ಧಾರವಾಡಕ್ಕೆ ಹೋಗಿ ಕಾಲೇಜು ಕಲಿತೆ, ಯುದ್ಧ ಮುಗಿದ ವರ್ಷ ವಿಜ್ಞಾನದಲ್ಲಿ ಪದವಿ ತೆಗೆದುಕೊಂಡು ಮನೆಗೆ ಬಂದೆ. ನಮ್ಮ ಓಣಿಯಲ್ಲಿ ನಾನೇ ಮೊದಲನೆಯ ಪದವೀಧರ. ಛಪ್ಪರಕ್ಕೆ ಬಂದವರಿಗೆಲ್ಲ ಅಣ್ಣ, "ನಮ್ಮ ತಮ್ಮಗ ಕಾಣದಿರೋ ವಸ್ತುನೂ ತಿಳೀತೈತ್ರಿ, ಗಾಳಿ ತೂಕಾನೂ ಹೇಳ್ತಾನ," ಎನ್ನುತ್ತಿದ್ದ. ನಾನು ಬೇಡವೆಂದು ತಲೆಯಾಡಿಸುತ್ತಿದ್ದೆ. ಒಳಗೆ ಹಿಗ್ಗುತ್ತಿದ್ದೆ.

ಅಣ್ಣನಿಗೆ ಕೆಲಸಕ್ಕಿಂತ ಹೆಚ್ಚು ಹೆಸರು ತಂದುಕೊಟ್ಟದ್ದು ಅವನ ಪರೀಕ್ಷೆ. ನಿಡೋಣಿಯಿಂದ, ಜೈನಾಪುರದಿಂದ, ಎಲ್ಲೆಲ್ಲಿಂದಲೋ ಬಡಿಗರು ಬಂದು, ಹೊಸ ಹತಾರ ಕೊಳ್ಳುವುದಿದೆ, ವಿಜಾಪುರಕ್ಕೆ ಜೊತೆಗೆ ಬಾ ಎಂದು ಕರೆಯುತ್ತಿದ್ದರು. ಹೊಲದ ಒಡೆಯರೂ ಬರುತ್ತಿದ್ದರು. ಆಗ ಪ್ರತಿ ಮನೆಯಲ್ಲೂ ಒಂದು ಬಾಚಿ, ಒಂದು ಗರಗಸ, ಎರಡು ಉಳಿ ಇರಲೇಬೇಕಿತ್ತು. ಕುಂಟೆಯ ಹಿಡಿ ಮುರಿದರೆ ಮನೆಯವರೇ ಕೂಡಿಸಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಅಣ್ಣ ಗರಗಸವನ್ನು ತುದಿ ಹಿಡಿದು ಬಿಲ್ಲಿನಂತೆ ಬಗ್ಗಿಸಿ ಬಿಡುತ್ತಿದ್ದ. ಅದು ನೆಟ್ಟಗಾಗಿ ನಿಂತ ಮೇಲೂ ಅದರ ನಡುಕ ಆರುವ ತನಕ ಕಿವಿ ಕೊಡುತ್ತಿದ್ದ. ಉಳಿಯನ್ನು ಹೆಬ್ಬೆರಳ ಉಗುರಿನ ಮೇಲೆ ನಿಲ್ಲಿಸಿ ಅದು ಜಾರುತ್ತದೋ ಕಚ್ಚುತ್ತದೋ ನೋಡುತ್ತಿದ್ದ. ಹಿಡಿಯ ಕಟ್ಟಿಗೆಯನ್ನು ಮೂಸುತ್ತಿದ್ದ. ಕೊನೆಗೆ ಚೀಲದಿಂದ ಒಂದು ಕರಿಜಾಲಿಯ ತುಂಡು ಹೊರಬರುತ್ತಿತ್ತು. ನಡುವೆ ಕಬ್ಬಿಣದಂಥ ಗಂಟಿದ್ದ ತುಂಡು. ಆ ಗಂಟಿನ ಮೇಲೆ ಒಂದು ಏಟು. ಅಂಚು ಉಳಿದರೆ ಹತಾರ, ಮುರಿದರೆ ಮೋಡಕಾ, ಗುಜರಿಯ ಕಬ್ಬಿಣ.

"ಕಣ್ಣ ಸುಳ್ಳ ಹೇಳ್ತೈತಿ, ಹೊಳಪ ಕಂಡ್ರ ಕುಣೀತೈತಿ," ಎನ್ನುತ್ತಿದ್ದ. "ಕಿವಿ ಹೇಳೂದಿಲ್ಲ."

ನಾನು ಕಾಲೇಜಿನಿಂದ ಮರಳಿದಾಗ ಅವನಿಗೆ ಮೂವತ್ತೆಂಟು. ಬಲಗೈಯ ಮಣಿಕಟ್ಟು ಬಾತುಕೊಳ್ಳಲು ಶುರುವಾಗಿತ್ತು. ಬಾಚಿ ಹೊಡೆಯುವಾಗ ನೋವಿಲ್ಲ, ಗರಗಸ ಎಳೆಯುವಾಗ ಇಲ್ಲ. ಉಳಿ, ಬಾಚಿಗಳನ್ನು ಚಪ್ಪಟೆ ಸಾಣೆಕಲ್ಲಿನ ಮೇಲೆ ಹಿಂದೆ ಮುಂದೆ ತಿಕ್ಕುವಾಗ ಮಾತ್ರ ಹಲ್ಲು ಕಚ್ಚುತ್ತಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ, ರಾತ್ರಿ ಊಟದ ಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತಿದ್ದರು. ವೈದ್ಯರೊಬ್ಬರು ನೋಡಿ, ತಿಕ್ಕುವ ಕೆಲಸ ಬಿಡದಿದ್ದರೆ ಎರಡು ವರ್ಷದಲ್ಲಿ ಈ ಕೈ ಬಾಚಿಯನ್ನೂ ಬಿಡುತ್ತದೆ ಎಂದಿದ್ದರು. ಹರಿತ ಮಾಡದೆ ಬಡಿಗನಿಗೆ ದಿನ ಹೋಗುವುದಿಲ್ಲ. ಹೀಗಾಗಿ ಕೈ ಉಳಿಸಲು ಒಂದು ತಿರುಗುವ ಸಾಣೆ ಬೇಕಾಗಿತ್ತು. ಕಾಲಿನಿಂದ ತುಳಿದರೆ ತಿರುಗಬೇಕು, ಕೈ ಬರೀ ಹಿಡಿದುಕೊಂಡರೆ ಸಾಕು. ನಾನು ಹಟ ಹಿಡಿದೆ. ಅದರಲ್ಲಿ ನನ್ನ ಋಣವನ್ನೂ ತೀರಿಸುವ ಆಸೆ ಇತ್ತೆಂದು ಈಗ ಅನಿಸುತ್ತದೆ.

ಯುದ್ಧ ಮುಗಿದಿತ್ತು. ಪಲ್ಟನ್ನಿನ ಹಳೆಯ ಸಾಮಾನು ಹರಾಜಾಗಿ ಪೇಟೆಗೆ ಬರುತ್ತಿತ್ತು. ವಿಜಾಪುರದ ಬಜಾರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಒಬ್ಬ ಮುಸ್ಲಿಂ ವ್ಯಾಪಾರಿ ಅಣ್ಣನಿಗೆ ಹಳೆಯ ಪರಿಚಯ. ಮೀಸೆ ಇಲ್ಲದ ಬಿಳಿ ಗಡ್ಡ, ಬಾಯಿ ತುಂಬ ನಗು.

"ಬರ್ರಿ ಬಡಿಗೇರ್ರ, ಬರ್ರಿ. ಇವತ್ತ ಯಾರ ತಲಿ ತಿನ್ನಾಕ ಬಂದೀರಿ?"

"ನಿಮ್ಮದ ರೀ ಸಾಬ್ರ. ಬ್ಯಾರೆ ಅಂಗಡ್ಯಾಗ ತಲಿ ಎಲ್ಲೈತಿ ತಿನ್ನಾಕ?"

"ಮದಲ ಆ ಜಾಲಿ ತುಂಡ ಹೊರಗಿಟ್ಟು ಬರ್ರಿ ಯಪ್ಪಾ. ಹೋದ ಸಲ ಮೂರು ಉಳಿ ಮೂತಿ ಮುರಕೊಂಡು ಕುಂತಾವ. ಇನ್ನೂ ಅಳಾಕತ್ತಾವ."

ಅಂಗಡಿಯಲ್ಲಿ ವಿದ್ಯುತ್ ಇತ್ತು. ಮೊದಲು ಅವರು ತೋರಿಸಿದ್ದು ಕರೆಂಟಿನಿಂದ ತೂತು ಕೊರೆಯುವ ಯಂತ್ರ. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದ. ಗುಂಡಿ ಒತ್ತುತ್ತಲೇ ಅದು ಕೊಸರಿತು. ಎಳೆಗರುವನ್ನು ಹಿಡಿದವನಂತೆ ಅವನು ಹಿಂದಕ್ಕೆ ವಾಲಿ, ಆಮೇಲೆ ಮೆಲ್ಲಗೆ ಕೆಳಗಿಟ್ಟ. "ಚಲೋ ಐತಿ. ಆದ್ರ ಇದು ನನ್ನ ಮಾತ ಕೇಳೂದಿಲ್ಲ." ನಮ್ಮೂರಿಗೆ ಕರೆಂಟು ಬರಲು ಇನ್ನೂ ಬಹಳ ವರ್ಷ ಇತ್ತು.

ಮೂಲೆಯಲ್ಲಿತ್ತು ಆ ಸಾಣೆ. ಕಬ್ಬಿಣದ ಕಾಲುಗಳ ಮೇಲೆ ಒಂದು ದಂಡ, ದಂಡದ ಒಂದು ತುದಿಗೆ ಪಟ್ಟಾ ಹಾಕುವ ಗಾಲಿ, ಇನ್ನೊಂದು ತುದಿಗೆ ಊಟದ ಗಂಗಾಳದಷ್ಟು ಅಗಲದ ಬೂದು ಕಲ್ಲು. ಕಲ್ಲಿನ ನಡುವೆ ದುಂಡನೆಯ ಕಾಗದ ಅಂಟಿಸಿ, ನಿಮಿಷಕ್ಕೆ ಇಷ್ಟು ಸುತ್ತಿಗಿಂತ ಜೋರಾಗಿ ತಿರುಗಿಸಬಾರದೆಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. ನಾನು ಓದಿ ಹೇಳಿದೆ.

"ಮ್ಯಾಲೊಂದು ಕಬ್ಬಿಣದ ಟೋಪಿ ಇತ್ತಂತ್ರಿ ಇದಕ್ಕ," ಎಂದರು ವ್ಯಾಪಾರಿ. "ಹರಾಜಿನ್ಯಾಗ ಎಲ್ಲೋ ಕಳೀತು. ಹೋಗ್ಲಿ ಬಿಡ್ರಿ, ನಮಾಜಿಗೆ ನನಗ ಟೋಪಿ ಬೇಕು. ಕಲ್ಲಿಗ್ಯಾಕ?"

ಮೂವರೂ ನಕ್ಕೆವು. ಆ ಟೋಪಿ ಏತಕ್ಕೆ ಇರುತ್ತದೆಂದು ಮೂವರಲ್ಲಿ ಒಬ್ಬನಾದರೂ ಕೇಳಬೇಕಿತ್ತು.

ಅಣ್ಣ ಕಲ್ಲನ್ನು ಬಿಚ್ಚಿಸಿ, ನಡುವಿನ ತೂತಿನಲ್ಲಿ ಹಗ್ಗ ಪೋಣಿಸಿ ತೂಗುಹಾಕಿ, ಉಳಿಯ ಕಟ್ಟಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದ. ಕಲ್ಲು ಹಾಡಿತು. ಗುಡಿಯ ಗಂಟೆ ನಿಂತ ಮೇಲೆ ಉಳಿಯುವಂಥ ದನಿ. ವ್ಯಾಪಾರಿ ಕೈ ಎತ್ತಿ, "ಗುಮ್ಮಟದಾಗ ಬಾರಿಸಿದ್ರ ಏಳ ಸರ್ತಿ ತಿರುಗಿ ಬರ್ತಿತ್ತು ನೋಡ್ರಿ," ಎಂದರು. ಅಣ್ಣ ನಾಲ್ಕೂ ಕಡೆ ತಟ್ಟಿ ಕೇಳಿ, ತೃಪ್ತನಾದ.

"ತಮ್ಮಾ, ನೀ ಏನಂತಿ?"

ಮನೆಯಲ್ಲಿ ಇದನ್ನು ಕಾಲಿನಿಂದ ತುಳಿದು ತಿರುಗಿಸುವುದು. ಆದರೆ ಕೊಳ್ಳುವ ಮೊದಲು ಒಮ್ಮೆ ಎಂಜಿನ್ನಿಗೆ ಕಟ್ಟಿ ಜೋರಾಗಿ ತಿರುಗಿಸಿ ನೋಡೋಣ. ಆ ವೇಗವನ್ನು ತಾಳಿದರೆ ಕಾಲಿನ ವೇಗ ಅದಕ್ಕೆ ಆಟ. ಹೀಗೆಂದು ನಾನೇ ಹೇಳಿದೆ. ಅಣ್ಣನಿಗೆ ಅದು ಹಿಡಿಸಿತು. ಜಾಲಿಯ ಗಂಟಿನ ಮೇಲೆ ಹೊಡೆದು ನೋಡುವ ಅವನ ಬುದ್ಧಿಗೆ ಒಪ್ಪುವ ಮಾತು ಅದು. ವ್ಯಾಪಾರಿಯೂ ದೊಡ್ಡ ಮನಸ್ಸು ಮಾಡಿದರು. "ಒಯ್ಯಿರಿ, ತಿರುವಿ ನೋಡ್ರಿ. ಮನಸ್ಸಿಗೆ ಬಂದ್ರ ಇಟ್ಕೊಳ್ರಿ, ಇಲ್ಲಂದ್ರ ನನ್ನ ಮೂಲಿ ಎಲ್ಲೂ ಓಡಿ ಹೋಗೂದಿಲ್ಲ."

ಟಿಕೋಟಾದಲ್ಲಿ ಅಣ್ಣನ ಗೆಳೆಯನೊಬ್ಬ ಹಿಟ್ಟಿನ ಗಿರಣಿ ಇಟ್ಟಿದ್ದ. ಎಣ್ಣೆಯ ಎಂಜಿನ್ನು, ಉದ್ದನೆಯ ದಂಡ, ದಂಡದಲ್ಲಿ ಒಂದು ಗಾಲಿ ಖಾಲಿ. ಸಂಜೆಯ ಬಾಡಿಗೆ ಮೋಟಾರಿನ, ಅಂದರೆ ಬಸ್ಸಿನ, ತಲೆಯ ಮೇಲೆ ಸಾಣೆಯನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಇಳಿದೆವು. ನಾನು ಗಿರಣಿಯ ಗಾಲಿಗಳನ್ನು ದಾರದಿಂದ ಅಳೆದು, ಎಂಜಿನ್ನಿನ ಸುತ್ತುಗಳನ್ನು ಗಡಿಯಾರ ಹಿಡಿದು ಎಣಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಲೆಕ್ಕ ಹಾಕಿದೆ. ಕಾಗದದಲ್ಲಿ ಅಚ್ಚಾಗಿದ್ದ ವೇಗಕ್ಕಿಂತ ನಮ್ಮದು ಕಡಿಮೆಯೇ ಬಂತು. ಆ ಲೆಕ್ಕ ಸರಿಯಾಗಿತ್ತು. ಆಮೇಲೆ ಎಷ್ಟೋ ಸಲ ಮತ್ತೆ ಹಾಕಿ ನೋಡಿದ್ದೇನೆ, ಈಗಲೂ ಸರಿಯಾಗಿಯೇ ಬರುತ್ತದೆ.

ತಪ್ಪಾದದ್ದು ಬೇರೆ ಕಡೆ. ನಮ್ಮ ಮನೆತನದಲ್ಲಿ ಹೊಸ ಸಾಣೆಕಲ್ಲಿಗೆ ನೀರು ಕುಡಿಸದೆ ಕಬ್ಬಿಣ ತೋರಿಸುವುದಿಲ್ಲ. ಚಪ್ಪಟೆ ಕಲ್ಲನ್ನು ಹಂಡೆಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಬಿಡುತ್ತಾರೆ; ಕಲ್ಲಿನ ಬಾಯಾರಿಕೆ ಹೋಗಬೇಕು, ಇಲ್ಲದಿದ್ದರೆ ಅದು ಉಳಿಯ ಅಂಚನ್ನೇ ಕುಡಿಯುತ್ತದೆ ಎನ್ನುತ್ತಾರೆ. ಚಪ್ಪಟೆ ಕಲ್ಲಿಗೆ ಇದು ಸರಿಯಾದ ಮಾತು. ದೀಪ ಹಚ್ಚುವ ಹೊತ್ತಿಗೆ ಅಣ್ಣ ಈ ದುಂಡು ಕಲ್ಲನ್ನೂ ಎತ್ತಿ, ಎಂಜಿನ್ನು ತಣಿಸುವ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದ. ತೊಟ್ಟಿ ಆಳವಿರಲಿಲ್ಲ. ಅರ್ಧ ಕಲ್ಲು ನೀರಿನಲ್ಲಿ, ಅರ್ಧ ಹೊರಗೆ. ನಾನು ನೋಡಿದೆ. ಗುಳ್ಳೆ ಏಳುತ್ತಿದ್ದವು. "ಕುಡೀಲಿ ಬಿಡು, ಮುಂಜಾನಿತನಕ," ಎಂದ ಅಣ್ಣ, ದನಕ್ಕೆ ನೀರು ತೋರಿಸಿದವನಂತೆ. ನಾವು ಊಟಕ್ಕೆ ಹೋದೆವು.

ಬೆಳಿಗ್ಗೆ ಕಲ್ಲನ್ನು ತೆಗೆದಾಗ ನಡುವೆ ಗೆರೆ ಎಳೆದಂತೆ ಕಾಣುತ್ತಿತ್ತು. ಕೆಳಗಿನ ಅರ್ಧ ಕಪ್ಪು, ಮೇಲಿನ ಅರ್ಧ ಬೂದು. ಕಾಗದ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಜೋಳದ ಬುಟ್ಟಿ ಹೊತ್ತು ಬಂದಿದ್ದ ಹೆಂಗಸರು, ಗಂಡಸರು, ಹತ್ತಿಪ್ಪತ್ತು ಮಂದಿ, ಬೀಸುವುದು ತಡವಾಯಿತೆಂದು ಗೊಣಗದೆ ಸುತ್ತ ನಿಂತಿದ್ದರು. ಗಿರಣಿಯ ಗೆಳೆಯ ಕಾಯಿ ಒಡೆದು ಅದರ ನೀರು ಚಿಮುಕಿಸಿದ. ಅಣ್ಣ ಹಗ್ಗ ಪೋಣಿಸಿ ತೂಗುಹಾಕಿ, ಉಳಿಯ ಹಿಡಿಯಿಂದ ತಟ್ಟಿದ.

ಬದ್ ಎಂದಿತು.

ಮತ್ತೊಂದು ಕಡೆ ತಟ್ಟಿದ. ಅಲ್ಲೂ ಹಾಡಲಿಲ್ಲ.

"ದನಿ ಕೂತೈತಿ," ಎಂದ ಅಣ್ಣ.

"ರಾತ್ರೆಲ್ಲ ನೀರಾಗ ಕುಂತ್ರ ನಿನಗೂ ಕೂರ್ತೈತಿ ಮಗನ, ನೆಗಡಿ ಬಂದಿರಬೇಕು," ಎಂದ ಗೆಳೆಯ. ನಿಂತವರು ನಕ್ಕರು. "ಒಂದೀಟು ಶುಂಠಿ ಕಷಾಯ ಕುಡಸು!"

ಅಣ್ಣ ನಗಲಿಲ್ಲ. ಹಗ್ಗ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ಆ ನೋಟ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಹುಟ್ಟಿದಾಗಿನಿಂದ ನಾನು ಅವನನ್ನು ಕೇಳುತ್ತ ಬಂದವನು. ಅಂದು ಅವನು ನನ್ನನ್ನು ಕೇಳುತ್ತಿದ್ದ.

"ತಮ್ಮಾ, ನಿನ್ನೆ ಅಷ್ಟ ಚಂದ ಹಾಡಿತ್ತು. ಇವತ್ತ ಹಿಂಗ್ಯಾಕ?"

"ತೊಯ್ದೈತಲ್ಲಣ್ಣಾ, ಅದಕ್ಕ. ಒಳಗೇನೂ ಆಗಿರೂದಿಲ್ಲ."

"ಖರೇ ಏನು?"

"ಖರೇ. ಪುಸ್ತಕದಾಗ ಐತಿ."

ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕದಲ್ಲಿದ್ದದ್ದು ಬೇರೆ. ತಿರುಗುವ ವಸ್ತುವಿನ ಒಂದು ಬದಿ ಇನ್ನೊಂದು ಬದಿಗಿಂತ ಭಾರವಾದರೆ ಅದು ತನ್ನನ್ನು ತಾನೇ ಹೇಗೆ ಹರಿದುಕೊಳ್ಳಲು ನೋಡುತ್ತದೆ ಎಂಬ ಪಾಠವನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಚಿತ್ರ ಬರೆದು ಉತ್ತರಿಸಿದ್ದೆ. ನೀರು ಕುಡಿದು ಭಾರವಾದ ಕಪ್ಪು ಅರ್ಧ, ಒಣಗಿದ ಬೂದು ಅರ್ಧ ನನ್ನ ಕಣ್ಣೆದುರಿಗೇ ತೂಗುತ್ತಿದ್ದವು. ಆ ಪಾಠದ ಚಿತ್ರವೂ ಈ ಕಲ್ಲೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟು ಜನರ ಮುಂದೆ, ಮೊದಲ ಸಲ ನನ್ನ ಮಾತಿಗೆ ಅವನ ಕಿವಿಗಿಂತ ಹೆಚ್ಚು ಬೆಲೆ ಬಂದಿತ್ತು.

ಕಲ್ಲನ್ನು ದಂಡಕ್ಕೆ ಏರಿಸಿ ಬಿಗಿದೆವು. ಗೆಳೆಯ ಎಂಜಿನ್ನು ಹಚ್ಚಿ, ಕೋಲಿನಿಂದ ಪಟ್ಟಾವನ್ನು ನಮ್ಮ ಗಾಲಿಗೆ ದಾಟಿಸಿದ. ಕಲ್ಲು ತಿರುಗತೊಡಗಿತು. ಬೇರೆ ಬೇರೆಯಾಗಿ ಕಾಣುತ್ತಿದ್ದ ಕಪ್ಪು, ಬೂದು ಕಲೆತು ಒಂದೇ ಬಣ್ಣವಾದವು. ಸಾಣೆಯ ಕಾಲುಗಳು ನಡುಗಲು ಶುರುಮಾಡಿದವು, ನೆಲದ ಮಣ್ಣು ಪುಡಿಯಾಗಿ ಕುಣಿಯಿತು. ಅಣ್ಣ ತನ್ನ ಎಡಗಾಲನ್ನು ಅದರ ಅಡಿಪಟ್ಟಿಯ ಮೇಲೆ ಊರಿ ಅದುಮಿ ಹಿಡಿದ. ಇನ್ನೊಮ್ಮೆ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಉಳಿ ಎತ್ತಿದ.

ಮುಂದಿನದು ನನಗೆ ಇತರರು ಹೇಳಿದ್ದು, ಗೋಡೆ ಹೇಳಿದ್ದು. ಕಲ್ಲು ಮೂರು ಹೋಳಾಗಿತ್ತು. ಒಂದು ಹೋಳು ತಗಡಿನ ಮಾಡನ್ನು ಹರಿದುಕೊಂಡು ಹೊರಗೆ ಹೋಗಿತ್ತು. ಒಂದು ಹೋಳು ನನ್ನ ಹಿಂದಿನ ಗೋಡೆಯಲ್ಲಿ, ಸರಿಯಾಗಿ ನನ್ನ ಕಿವಿಯ ಎತ್ತರಕ್ಕೆ ನಾಟಿಕೊಂಡಿತ್ತು. ಆ ಕಡೆಯ ಕಿವಿಯ ಮೇಲಿನ ಕೂದಲಲ್ಲಿ ಕಲ್ಲಿನ ಪುಡಿ ಇತ್ತು. ಜೋಳ ತಂದವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಮೂರನೆಯ ಹೋಳು ಅಣ್ಣನ ಬಲಗೈಯ ಮಣಿಕಟ್ಟಿಗೆ ಬಡಿದಿತ್ತು.

ಗೆಳೆಯ ತನ್ನ ಧೋತರ ಹರಿದು ಕೈ ಕಟ್ಟಿದ. ವಿಜಾಪುರದ ಕಡೆಗೆ ಹೊರಟಿದ್ದ ಮೋಟಾರನ್ನು ಹೆಂಗಸರು ರಸ್ತೆಗೆ ಅಡ್ಡ ನಿಂತು ತಡೆದರು. ದಾರಿಯುದ್ದಕ್ಕೂ ಅಣ್ಣ ಆಡಿದ್ದು ಒಂದೇ ಮಾತು: "ನಿನಗೇನೂ ಆಗಿಲ್ಲಲ್ಲ?" ಎರಡು ಸಲ ಕೇಳಿದ. ಎರಡು ಸಲವೂ ಇಲ್ಲವೆಂದೆ.

ದವಾಖಾನೆಯಲ್ಲಿ ಕೈ ಕಡಿಯಲಿಲ್ಲ. ಅದನ್ನೇ ಪುಣ್ಯವೆಂದರು. ಆರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಕೈ ಇತ್ತು, ಹಿಡಿತ ಇರಲಿಲ್ಲ. ಬೆರಳುಗಳು ಅರ್ಧ ಮಡಿಚಿ ಅಲ್ಲೇ ನಿಂತಿದ್ದವು, ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಡಾಕ್ಟರು ಒಂದು ಪೆನ್ಸಿಲನ್ನು ಅವನ ಅಂಗೈಯಲ್ಲಿಟ್ಟು ಹಿಡಿಯಲು ಹೇಳಿದರು. ಅದು ಉರುಳಿ ಬಿತ್ತು. ಅಣ್ಣ ಬಗ್ಗಿ ಎಡಗೈಯಿಂದ ಎತ್ತಿ ಅವರಿಗೆ ಕೊಟ್ಟ.

ವೈನಿ ಅಳುವವರಲ್ಲ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಡೆದದ್ದನ್ನೆಲ್ಲ, ತೊಟ್ಟಿಯಿಂದ ಹಿಡಿದು ಪುಸ್ತಕದ ಸುಳ್ಳಿನ ತನಕ, ಅವರಿಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರಿಗೆ ಕೇಳಿಸಿತ್ತು. ನಿಮಗ ಕಾಣಿಸಿತ್ತು," ಎಂದರು. "ಇಬ್ಬರಾಗ ಒಬ್ಬರಾದ್ರೂ ಬ್ಯಾಡ ಅನ್ನಬೇಕಿತ್ತು ನೋಡ್ರಿ, ಮೈದುನಾರ."

ಇದಕ್ಕಿಂತ ಸರಿಯಾಗಿ ಯಾರೂ ಆಮೇಲೆ ಹೇಳಿಲ್ಲ. ಅಣ್ಣನಿಗೂ ಒಂದು ದಿನ ಹೇಳಿದೆ, ಅದು ಪುಸ್ತಕದಲ್ಲಿ ಇರಲಿಲ್ಲವೆಂದು.

"ಇಲ್ಲಂತ ನನಗ ಆಗ ಗೊತ್ತಾಗಿತ್ತು," ಎಂದ. "ನೀ ಸುಳ್ಳ ಹೇಳುವಾಗ ಸಣ್ಣಾಂವಿದ್ದಾಗಿನಿಂದ ಕಿವಿ ಮುಟಗೋತಿ. ಮುಟಗೊಂಡಿದ್ದಿ."

"ಮತ್ತ ಯಾಕ ನಿಂದ್ರಿಸಲಿಲ್ಲ?"

"ಮಂದಿ ಮುಂದ ನಿನ್ನ ಮಾತ ಹ್ಯಾಂಗ ತಗದ ಹಾಕ್ಲೋ?"

ಅವನು ಇದನ್ನು ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದು ವರ್ಷ ಎಡಗೈಯಿಂದ ಕೆಲಸ ಮಾಡಲು ನೋಡಿದ. ಮಾಡಿದ ಕೂರಿಗೆಯ ತಾಳುಗಳು ಸೊಟ್ಟಗೆ ನಿಂತವು. ತಾನೇ ಅವನ್ನು ಒಡೆದು ಒಲೆಗೆ ಹಾಕಿದ. ಮರುವರ್ಷ ನನಗೆ ವಿಜಾಪುರದ ಸಾಲಿಯೊಂದರಲ್ಲಿ ಮಾಸ್ತರಿಕೆ ಸಿಕ್ಕಿ, ಮನೆ ನಡೆಸುವ ಭಾರ ನನ್ನ ಮೇಲೆ ಬಂದಿತು. ಆಗ ಅಣ್ಣ ಹತಾರಗಳನ್ನು ಮಾರುತ್ತೇನೆಂದು ಸುತ್ತಲಿನ ಊರುಗಳಿಗೆ ಹೇಳಿಕಳಿಸಿದ.

ಬಬಲೇಶ್ವರದ ಸಂತೆಯ ದಿನ ಅದು. ರಜೆ ಹಾಕಿ ಬಂದಿದ್ದೆ. ಅವನು ಆರಿಸಿದ ಹತಾರವೆಂದರೆ ಕಣ್ಣು ಮುಚ್ಚಿ ಕೊಳ್ಳಬಹುದೆಂದು ಬಡಿಗರು ಮುಂಜಾನೆಯೇ ಛಪ್ಪರದಲ್ಲಿ ನೆರೆದರು. ಅಣ್ಣ ಹತಾರಗಳನ್ನು ಗೋಣಿತಾಟಿನ ಮೇಲೆ ಸಾಲಾಗಿ ಮಲಗಿಸಿದ್ದ. ಬೆಲೆಯ ಮಾತು ಎತ್ತಿದವರಿಗೆ, "ತಡೀರಿ, ಮದಲ ನಿಮ್ಮ ಕೈ ನೋಡೂಣು," ಎಂದ. ಒಬ್ಬೊಬ್ಬರಿಗೂ ಅವರು ಕೇಳಿದ ಹತಾರ ಕೊಟ್ಟು, ಅಲ್ಲಿದ್ದ ಕಟ್ಟಿಗೆಯ ಮೇಲೆ ಕೆಲಸ ಮಾಡಿಸಿದ. ಜೈನಾಪುರದ ಒಬ್ಬ ಬಾಚಿಯನ್ನು ತೀರ ಬಿಗಿಯಾಗಿ ಹಿಡಿದಿದ್ದ. "ನಿನಗ ಈ ಬಾಚಿ ಭಾರ ಆಕ್ಕೈತಿ, ಆ ಸಣ್ಣದು ತಗೋ," ಎಂದು ಬದಲಿಸಿ ಕೊಟ್ಟ. ಇನ್ನೊಬ್ಬ ಹಣ ಹೆಚ್ಚು ಕೊಡುತ್ತೇನೆಂದರೂ ಗರಗಸ ಕೊಡಲಿಲ್ಲ. "ನೀ ದೂಡತಿ. ಅದು ಎಳದಾಗ ಕೊಯ್ಯೂ ಗರಗಸ." ನಿಡೋಣಿಯ ಒಬ್ಬ ಮುದುಕ ಉಳಿಯನ್ನು ಒಮ್ಮೆ ಮಾತ್ರ ಓಡಿಸಿದ, ಸಿಪ್ಪೆ ಸುರುಳಿಯಾಗಿ ಎದ್ದಿತು. ಅಣ್ಣ ಏನೂ ಕೇಳದೆ ಅವನಿಗೆ ಮೂರು ಉಳಿ ಕಟ್ಟಿ ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ತಾಟಿನ ಮೇಲೆ ಒಂದೇ ಒಂದು ಸಣ್ಣ ಉಳಿ ಉಳಿದಿತ್ತು. ಯಾರೂ ಇರಲಿಲ್ಲ. ನಾನು ಅದನ್ನು ಎತ್ತಿಕೊಂಡೆ.

"ಅಣ್ಣಾ, ಇದು ನನ್ನ ಹತ್ತಿರ ಇರಲಿ."

ಅವನು ಎಡಗೈ ಚಾಚಿದ. ನಾನು ಕೊಟ್ಟೆ. ಮೊನೆಯನ್ನು ನೋಡಿ, ಹಿಡಿಯನ್ನು ನೋಡಿ, ಮತ್ತೆ ತಾಟಿನ ಮೇಲೆ ಮಲಗಿಸಿದ.

"ಬ್ಯಾಡೋ ತಮ್ಮಾ. ನಿನ್ನ ಹತ್ರ ಇದಕ್ಕ ಕೆಲಸ ಇಲ್ಲ," ಎಂದ. "ಯಾರರೆ ಬರ್ತಾರ, ತಡಿ."

ನಾನು ಅವನ ಪಕ್ಕದಲ್ಲಿ ಕೂತೆ. ಸಂತೆಯಿಂದ ಮರಳುತ್ತಿದ್ದ ಚಕ್ಕಡಿಗಳು ಮನೆಯ ಮುಂದೆ ಹಾದು ಹೋಗುತ್ತಿದ್ದವು. ಒಂದೊಂದು ಚಕ್ಕಡಿ ಬಂದಾಗಲೂ ಅಣ್ಣ ಕತ್ತೆತ್ತಿ ಅದರಲ್ಲಿ ಕೂತವರ ಕೈಗಳನ್ನು ನೋಡುತ್ತಿದ್ದ.